ಸಿಂಗಪುರಕ್ಕೆ ದಿನಕ್ಕೊಂದು ದರ್ಶನ

ಸ್ಕೂಟರಿನ ಸೀಟಿನ ಮೇಲೆ ಕೂತೇ ಮೈತ್ರೇಯಿ ದೇವರನ್ನು ಸಿಂಗಪುರಕ್ಕೆ ಕಳಿಸಿದಳು.

ಮೊಬೈಲಿನ ಪರದೆಯಲ್ಲಿ ಹೆಬ್ಬೆರಳುದ್ದದ ನರಸಿಂಹ, ಕೊರಳಲ್ಲಿ ಕನಕಾಂಬರ. ಇ-ಮೇಲ್ ತುಸು ಹೊತ್ತು ತಿಣುಕಿ ಹೊರಟಿತು. ದೇವರಮನೆ ಇದ್ದದ್ದು ಹಾಸನದಲ್ಲಿ, ಮುಚ್ಚಿದ ಬಾಗಿಲ ಹಿಂದೆ. ಅವಳಿದ್ದದ್ದು ಚನ್ನರಾಯಪಟ್ಟಣದಲ್ಲಿ, ತಂಗಿ ಹಂಸಳ ಮನೆಯ ಮುಂದೆ.

"ಹೋಯ್ತಾ?" ಹಂಸ ಸ್ಕೂಟರಿನ ಹಿಂಬದಿಯನ್ನು ಬಿಗಿಯಾಗಿ ಹಿಡಿದಿದ್ದಳು.

"ಹೋಯ್ತು."

"ಹಾಗಾದ್ರೆ ಬ್ರೇಕ್ ಬಿಡಕ್ಕ. ಭಾವ ತಿಂಡಿ ತಿನ್ನಲಿ, ನೀನು ಗಾಡಿ ಕಲಿ."

ಮೈತ್ರೇಯಿಯ ಗಂಡ ವರದರಾಜ ಮನೆದೇವರ ಮುಖ ನೋಡದೆ ಬಾಯಿಗೆ ನೀರೂ ಹಾಕುವವನಲ್ಲ. ವಿಮಾ ಏಜೆಂಟನಾದ ಅವನಿಗೆ ಕಂಪನಿ ಸಿಂಗಪುರ ಪ್ರವಾಸದ ಬಹುಮಾನ ಕೊಟ್ಟಾಗ ಹಿಗ್ಗಿಗಿಂತ ಮೊದಲು ಸಂಕಟ ಬಂತು. ಹೊಳೆನರಸೀಪುರದಲ್ಲಿದ್ದ ತಾಯಿ ರಂಗನಾಯಕಮ್ಮ ಖಡಾಖಂಡಿತವಾಗಿ ಹೇಳಿದರು. "ನೀನು ಬೇಕಾದ್ರೆ ಸಮುದ್ರ ದಾಟು. ನರಸಿಂಹ ಹೊಸಿಲು ದಾಟಕೂಡದು. ನಿಮ್ಮ ಮುತ್ತಜ್ಜ ಗಾಡೀಲಿ ಕೂರಿಸ್ಕೊಂಡು ಹೋಗಿ, ಎತ್ತುಗಳು ಹೊಳೆ ಮಧ್ಯ ನಿಂತ್ಕೊಂಡ್ಬಿಟ್ಟವಂತೆ. ದೀಪ ಕಾಣದಿದ್ರೆ ಮಾತ್ರ ಅವನೇ ಎದ್ದು ಹೊರಟುಹೋಗ್ತಾನೆ. ನೆನಪಿರಲಿ."

ಪರಿಹಾರ ಕೊಟ್ಟವನು ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯ ಪರಮೇಶ್.

"ಫಾರಿನ್ನಾಗೂ ನೆಟ್ ಬರಂಗೆ ರೋಮಿಂಗ್ ಮಾಡ್ಸಿಕೊಡ್ತೀನಿ ಸಾ. ಅಕ್ಕಾವ್ರು ಇಲ್ಲಿ ಫೋಟೊ ಒಡ್ದು ಒತ್ತುದ್ರೆ ದೇವ್ರು ಅಲ್ಲಿಳೀತಾನೆ."

ಕೈ ಪಳಗಲೆಂದು ಮೈತ್ರೇಯಿ ಒಂದು ವಾರ ದಿನಾ ಪೂಜೆಯಾದ ಮೇಲೆ ಫೋಟೊ ತೆಗೆದಳು. ಒಂದು ದಿನ ಸೇವಂತಿಗೆ, ಒಂದು ದಿನ ಕನಕಾಂಬರ, ಒಂದು ದಿನ ಬರೀ ತುಳಸಿ. ಫೋಟೊಗಳು ಫೋನಿನಲ್ಲೇ ಉಳಿದವು. ಆಸೆ ಹುಟ್ಟಿದ್ದು ಅಲ್ಲಿಂದ. ಸಂಜೆ ದೀಪ ಹಚ್ಚುವವರಿಲ್ಲವೆಂದು ಮದುವೆಯಾದಂದಿನಿಂದ ಅವಳು ತಂಗಿಯ ಮನೆಯಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ.

ಹೊರಡುವ ದಿನದವರೆಗೂ ವರದರಾಜನ ರೋಮಿಂಗ್ ಶುರುವಾಗಲಿಲ್ಲ. "ವಿಮಾನ ಅತ್ತೋದ್ರೊಳಗೆ ಆಗ್ಬುಡ್ತದೆ, ನೀವು ಓಗಿ ಸಾ" ಎಂದ ಪರಮೇಶ್. ವರದರಾಜನ ಮುಖ ಕಪ್ಪಿಟ್ಟಿತು. ದೇವರಮನೆ ಹೊಕ್ಕವನು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಒದ್ದೆಯಾಗಿತ್ತು. ಹೆಗಲ ಚೀಲವನ್ನು ಡ್ರೈವರ್ ತೆಗೆದುಕೊಳ್ಳಲು ಬಂದರೆ, "ಇರಲಿ ಬಿಡಪ್ಪ" ಎಂದು ಗದರಿದ. ಕಾರು ತಿರುವು ದಾಟುತ್ತಲೇ ಮೈತ್ರೇಯಿ ಮನೆಗೆ ಬೀಗ ಹಾಕಿ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು.

ಮಾರನೆಯ ಬೆಳಿಗ್ಗೆ ಸೇವಂತಿಗೆಯ ನರಸಿಂಹನನ್ನು ಕಳಿಸಿದಳು. ಫೋನು ಬಂತು.

"ಮೈತ್ರೇಯಿ, ದೇವರ ಬಾಗಿಲು... ತೆಗೆದ್ಯಾ?" ಅವನ ದನಿ ಅಳುಕುತ್ತಿತ್ತು.

"ತೆಗೀದೆ ಇರ್ತೀನಾ? ಫೋಟೊ ಬರಲಿಲ್ವಾ?"

"ಬಂತು. ನೆಟ್ಟೂ ಬಂತು, ಫೋಟೊನೂ ಬಂತು. ಇದು ಇವತ್ತಿಂದೇನಾ?"

"ಇನ್ಯಾವತ್ತಿಂದು ಮತ್ತೆ?"

"ಏನೂ ವ್ಯತ್ಯಾಸ ಕಾಣಲಿಲ್ಲ ತಾನೇ?"

"ಎಂಥ ವ್ಯತ್ಯಾಸ ರೀ? ಎಂದಿನ ಹಾಗೇ ಕೂತಿದಾನೆ."

"ಹ್ಞಾಂ. ಎದುರಿಗೇ ಕೂತ ಹಾಗಿದೆ ಬಿಡು" ಎಂದು ಫೋನಿಟ್ಟ.

ಅನುಮಾನ ಬಂದಿದೆ ಎಂದುಕೊಂಡಳು ಮೈತ್ರೇಯಿ. ಆದರೂ ಮಾರನೆಯ ದಿನ ಕನಕಾಂಬರ ಹೋಯಿತು, ಮರುದಿನ ತುಳಸಿ. ಅವನು ಹೆಚ್ಚು ಕೆದಕಲಿಲ್ಲ. ಪ್ರತಿ ಸಲವೂ, "ಅಲಂಕಾರ ಚೆನ್ನಾಗಿದೆ" ಎನ್ನುತ್ತಿದ್ದ, ಅಷ್ಟೇ. ಆ ಹೊಗಳಿಕೆ ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತಿತ್ತು. ಸ್ಕೂಟರಿನಿಂದ ಬಿದ್ದು ಮೊಣಕಾಲು ತರಚಿದಾಗ ಅವಳು ರಸ್ತೆಯಲ್ಲೇ ಕೈಮುಗಿದಳು.

"ಹಿರಣ್ಯಕಶಿಪುವಿನ ಹೊಟ್ಟೆ ಬಗೆದೋನಿಗೆ ನಿನ್ನ ಮೊಣಕಾಲಾ ಬೇಕಿತ್ತು? ಏಳಕ್ಕ ಮೇಲೆ!" ಎಂದಳು ಹಂಸ.

ಗಂಡ ಬರುವ ದಿನ ಕೊನೆಯ ಫೋಟೊ ಕಳಿಸಿ, ಬಸ್ ಹಿಡಿದಳು. ಶಾಂತಿಗ್ರಾಮ ದಾಟುವಾಗ ಫೋನು. ಅವನು ಆಗಲೇ ಬೆಂಗಳೂರು ಬಿಟ್ಟಿದ್ದ. ಹಾಸನದಲ್ಲಿಳಿದವಳೇ ಮಲ್ಲಿಗೆ ಕೊಂಡು ಓಡಿದಳು. ಮನೆಯ ಬೀಗ ಹಾಕಿದ ಹಾಗೇ ಇತ್ತು. ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ದೇವರ ಬಾಗಿಲು ತೆಗೆದಳು.

ಪೀಠ ಬರಿದಾಗಿತ್ತು.

ಬೆಳ್ಳಿಯ ತಟ್ಟೆ ಇತ್ತು. ಗಂಟೆ ಇತ್ತು. ಹಿತ್ತಲ ಚಿಲಕ ಅಲುಗಿರಲಿಲ್ಲ. ಕಳ್ಳನಾಗಿದ್ದರೆ ಬೆಳ್ಳಿ ಬಿಟ್ಟು ಹೋಗುತ್ತಿದ್ದನೇ? ದೀಪದ ಬತ್ತಿ ಒಣಗಿ ಕರಿಕಲಾಗಿತ್ತು. ಅತ್ತೆಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು: ಅವನೇ ಎದ್ದು ಹೊರಟುಹೋಗ್ತಾನೆ.

ಗೇಟು ಕಿರ್ರೆಂದಿತು. ವರದರಾಜ ಒಳಗೆ ಬಂದ. ತೆರೆದ ದೇವರಮನೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

ಮೈತ್ರೇಯಿ ಅವನ ಕಾಲ ಬಳಿ ಕುಸಿದಳು. "ರೀ, ನಾನು ಕಳಿಸಿದ್ದೆಲ್ಲ ಹಳೇ ಫೋಟೊ. ಹಂಸನ ಮನೇಲಿದ್ದೆ. ಇವತ್ತಿನ ತನಕ ಬಾಗಿಲೇ ತೆಗೀಲಿಲ್ಲ. ಅವನು ಉಪವಾಸ ಕೂತು ಕೂತು ಎದ್ದು ಹೋಗ್ಬಿಟ್ಟಿದಾನೆ!"

ಬೈಗುಳಕ್ಕೆ ಕಾದಳು. ಬರಲಿಲ್ಲ. ತಲೆಯೆತ್ತಿದರೆ ಗಂಡನ ಮುಖದಲ್ಲಿ ಸಿಟ್ಟಿರಲಿಲ್ಲ. ದೊಡ್ಡ ಹೊರೆ ಇಳಿಸಿದವನ ನಿರಾಳವಿತ್ತು.

"ಅಮ್ಮನಿಗೆ ಹೇಳಲ್ಲ ಅಂತ ಮಾತು ಕೊಡು" ಎಂದ.

"ನಾನು ಯಾವ ಬಾಯಲ್ಲಿ ಹೇಳ್ಲಿ?"

ವರದರಾಜ ಹೆಗಲ ಚೀಲದ ಜಿಪ್ ಎಳೆದು, ಹೋಟೆಲಿನ ಬಿಳಿ ಟವೆಲಿನಲ್ಲಿ ಸುತ್ತಿದ್ದ ನರಸಿಂಹನನ್ನು ಪೀಠದ ಮೇಲೆ ಕೂರಿಸಿದ. ಕೊರಳಲ್ಲಿ ಸಿಂಗಪುರದ ಆರ್ಕಿಡ್ ಹೂವು ಇನ್ನೂ ಬಾಡಿರಲಿಲ್ಲ.