ನೆತ್ತಿಯ ಮೇಲೊಂದು ಗೇಣು

ಪಿಲಿಂಗ್ ಹೊಳೆದಂಡೆಯಲ್ಲಿ ಕೂತು ಎಡಗೈಯಲ್ಲಿ ಗೆಣಸು ತೊಳೆಯುತ್ತಿದ್ದಳು. ಬಲಗೈ ನಿದ್ದೆ ಬಂದ ಕೂಸಿನ ಹಾಗೆ ಮಡಿಲಲ್ಲಿ ಬಿದ್ದಿತ್ತು. ಮಗಳು ದುಲ್ಸಿ ಹಿಂದೆ ನಿಂತು ಅವಳ ತಲೆಗೆ ಬಟ್ಟೆ ಕಟ್ಟುತ್ತಿದ್ದಳು. ಅಮ್ಮನ ಭುಜ ಮುರಿದಾಗಿನಿಂದ ಅದು ಅವಳ ಕೆಲಸ. ಗಂಟು ಹಾಕುವಾಗ ದಿನವೂ ಏನೋ ಕೇಳಲು ಬಾಯಿ ತೆರೆಯುತ್ತಾಳೆ, ಆಮೇಲೆ ಗಂಟನ್ನೇ ಇನ್ನಷ್ಟು ಬಿಗಿಯುತ್ತಾಳೆ.

"ಗೆಣಸು ತೇಲ್ಕೊಂಡು ಹೋಗ್ತಿದೆ ನೋಡೇ!" ದಂಡೆಯ ಮೇಲಿಂದ ಅಣ್ಣ ಕುಲಾಸ್ ಕೂಗಿದ. ಅವನ ಹೆಗಲ ಮೇಲೆ ಎರಡು ಬಿಲ್ಲುಗಳಿದ್ದವು. ಒಂದು ಅವಳದು, ಹೊಸ ಹೆದೆ ಕಟ್ಟಿಸಿಕೊಂಡು ಬಂದದ್ದು. ಇನ್ನೊಂದಕ್ಕೆ ಎಲೆ ಸುತ್ತಿತ್ತು.

"ಇಷ್ಟು ಬೆಳಿಗ್ಗೆನೇ ಅತ್ತಿಗೆ ಮನೆಯಿಂದ ಓಡಿಸಿಬಿಟ್ಲಾ ಅಣ್ಣ?"

"ಅವಳಲ್ಲ, ನಿನ್ನ ನಾಯಿ. ದಿನಾ ಬಂದು ನನ್ನ ಬಾಗಿಲಲ್ಲಿ ಕೂರುತ್ತೆ. ನಿಮ್ಮ ತಂಗಿ ಕಾಡಿಗೆ ಬರ್ತಾಳೋ, ನಾನು ಬೇರೆ ಮನೆ ನೋಡ್ಕೊಳ್ಲೋ ಅಂತ ಕೇಳುತ್ತೆ."

ಅವನ ಕಾಲ ಬಳಿಯೇ ಮಲಗಿದ್ದ ಆ ನಾಯಿ ಬುಲಿಕ್ ಒಂದು ಕಿವಿ ಎತ್ತಿತು. ಕಳೆದ ಮಳೆಗಾಲದಲ್ಲಿ ಹಂದಿ ಹೊತ್ತು ಹೊಳೆ ದಾಟುವಾಗ ಪಿಲಿಂಗ್ ಜಾರಿ ಬಿದ್ದಿದ್ದಳು. ಮೂಳೆ ಕೂಡಿತು, ಬಲಗೈ ಮಾತ್ರ ತಲೆಯ ಮೇಲಕ್ಕೆ ಏರಲಿಲ್ಲ, ಬಲವೂ ಮರಳಲಿಲ್ಲ. ಯಾರು ಬೇಟೆಯಾಡಿದರೂ ಇವಳ ಮನೆಗೆ ಪಾಲು ಬರುತ್ತಿತ್ತು, ಹೊಟ್ಟೆಗೇನೂ ಕಡಿಮೆಯಿರಲಿಲ್ಲ. ಆದರೆ ನಸುಕಿನ ಒದ್ದೆ ಎಲೆಗಳ ಮೇಲೆ ನಾಯಿಯ ಹಿಂದೆ ಓಡುವುದು, ಕಣಿವೆಯಾಚೆ ಬೊಗಳುವ ದನಿ ಬದಲಾದ ಕೂಡಲೇ ಹಂದಿ ಸಿಕ್ಕಿತೆಂದು ತಿಳಿಯುವುದು, ಅದನ್ನು ಯಾರು ಪಾಲು ಹಾಕಿ ಕೊಟ್ಟಾರು? ನಿದ್ದೆಯಲ್ಲಿ ಅವಳ ಕಾಲುಗಳು ತಾವಾಗಿಯೇ ಅಲುಗಾಡುತ್ತವೆಂದು ದುಲ್ಸಿ ಹೇಳುತ್ತಿದ್ದಳು, ಥೇಟು ಬುಲಿಕ್‌ನ ಹಾಗೆ.

ಪಿಲಿಂಗ್ ಎದ್ದು ತನ್ನ ಬಿಲ್ಲು ಹಿಡಿದಳು. ತೀರಿಹೋಗುವ ಮುಂಚೆ ಅವ್ವ ತಾನೇ ಕಡಿದು ಒಲೆಯ ಹೊಗೆಗೆ ಒಣಗಿಸಿಟ್ಟಿದ್ದ ತಾಳೆಮರದ ಬಿಲ್ಲು ಅದು. ಹೆದೆ ಎದೆಯ ತನಕವೂ ಬರಲಿಲ್ಲ. ಭುಜದಲ್ಲಿ ಬೆಂಕಿ ಹೊತ್ತಿದಂತಾಗಿ ಬಿಟ್ಟುಬಿಟ್ಟಳು. ಬುಲಿಕ್ ಎದ್ದದ್ದು ಮತ್ತೆ ಕೂತಿತು.

"ಆ ಇನ್ನೊಂದು ಕೊಡು."

"ಅದು ಬೇರೆ..." ಕುಲಾಸ್ ಮಾತು ಮುಗಿಸುವಷ್ಟರಲ್ಲಿ ಅವಳು ಎಲೆ ಬಿಚ್ಚಿಯಾಗಿತ್ತು. ಎಳೆದಳು. ಹೆದೆ ಸಲೀಸಾಗಿ ಕೆನ್ನೆಗೆ ಬಂದು ತಾಗಿತು. ಈ ಸಲ ಬುಲಿಕ್ ಬಾಲ ಬಡಿಯುತ್ತ ಕಾಡಿನ ಕಡೆಗೆ ತಿರುಗಿ ನಿಂತಿತು.

"ಇದು ಸಾಕಣ್ಣ! ನಾಯಿ ಹಂದೀನ ಬಂಡೆಗೆ ಒತ್ತಿ ನಿಲ್ಲಿಸಿದ್ರೆ ಹತ್ತಿರಕ್ಕೇ ಹೋಗಿ ಹೊಡೀತೀನಿ. ಇಂಥದ್ದು ಮಾಡಿಟ್ಕೊಂಡು ಇಷ್ಟು ದಿನ ಸುಮ್ಮನಿದ್ಯಲ್ಲೋ, ಕಳ್ಳ!" ಅವಳು ನಕ್ಕಳು. ನಗುತ್ತಲೇ, ರೂಢಿಯಂತೆ ಬಿಲ್ಲನ್ನು ನೆಲಕ್ಕೂರಿ ಪಕ್ಕದಲ್ಲಿ ನಿಂತಳು. ಅವರ ಅಗ್ತಾ ಜನರ ಬಿಲ್ಲೆಂದರೆ ಹಿಡಿಯುವ ಆಳಿನ ಅಳತೆ, ನೆತ್ತಿಯ ಮೇಲೊಂದು ಗೇಣು. ಇದರ ತುದಿ ಅವಳ ಹುಬ್ಬಿಗೆ ಬಂದು ನಿಂತಿತು.

ಕುಲಾಸ್ ಕತ್ತು ಕೆರೆದುಕೊಂಡ. ದುಲ್ಸಿ ಬುಟ್ಟಿಯ ಕಡೆಗೆ ಬಾಗಿ, ತೊಳೆದ ಗೆಣಸನ್ನೇ ಮತ್ತೆ ತೊಳೆಯತೊಡಗಿದಳು. ಅವಳ ಎಡ ಮುಂಗೈಯಲ್ಲಿ ಹೆದೆ ಬಡಿದ ಕೆಂಪು ಗೀರುಗಳಿದ್ದವು. ಮಾವನ ಮನೆಯ ಹಿಂದೆ ಯಾರದೋ ಬಿಲ್ಲಲ್ಲಿ ಕಲಿಯುತ್ತಿದ್ದಾಳೆಂದು ಪಿಲಿಂಗ್‌ಗೆ ಈಗ ತಿಳಿಯಿತು.

"ಇವಳಿಗಾ?"

"ಹೂಂ. ಇವತ್ತು ತೋರಿಸಿ ನಿನ್ನ ಒಪ್ಪಿಗೆ ಕೇಳೋಣ ಅಂತಿದ್ದೆ. ಇರ್ಲಿ ಬಿಡು, ನೀನೇ ಇಟ್ಕೋ. ಅವಳಿಗೆ ಇನ್ನೊಂದು ಮಾಡಿದ್ರಾಯ್ತು."

"ಮರ ಒಣಗೋಕೆ ಎರಡು ಮಳೆಗಾಲ ಬೇಕು. ಅಷ್ಟು ದಿನ ಗೆಣಸು ತೊಳೀತಾ ಕೂರ್ಬೇಕಾ ಇವಳು?"

"ನಂಗೇನು ಅವಸರ ಇಲ್ಲಮ್ಮ," ದುಲ್ಸಿ ಬುಟ್ಟಿಗೇ ಹೇಳಿದಳು. "ನೀನು ಹೋಗಿ ಬಾ. ಬುಲಿಕ್ ಕಾಯ್ತಿದೆ."

ಪಿಲಿಂಗ್ ಇನ್ನೊಂದು ಸಲ ಹೆದೆಯನ್ನು ಕೆನ್ನೆಯ ತನಕ ತಂದಳು. ಹೊಸ ಮರಕ್ಕೆ ಹೊಗೆಯ ವಾಸನೆಯಿತ್ತು. ನಿಧಾನವಾಗಿ ಸಡಿಲಬಿಟ್ಟು, ಬಿಲ್ಲನ್ನು ಮಗಳ ಒದ್ದೆ ಕೈಗಳ ನಡುವೆ ಇಟ್ಟಳು. ತನ್ನದನ್ನು ಎತ್ತಿ ಅಣ್ಣನ ಮುಂದೆ ಚಾಚಿದಳು.

"ಇದರ ಒಳಮೈ ಕೆತ್ತು. ನನ್ನ ಈಗಿನ ಕೈಗೆ ಬಗ್ಗಬೇಕು, ಅಷ್ಟೇ."

"ಅವ್ವನ ಮರ ಕಣೇ. ಕೆತ್ತಿದ್ದನ್ನ ಮತ್ತೆ ಅಂಟಿಸೋಕಾಗಲ್ಲ. ಇನ್ನೊಂದು ಬೇಸಿಗೆ ನೋಡೋಣ, ಭುಜ ಏನಾದ್ರೂ..."

"ಕೆತ್ತಣ್ಣ. ಇವಳ ಮೊದಲ ಹಂದಿ ದಿನ ನಾನು ಪಕ್ಕದಲ್ಲಿರಬೇಕು. ನಿನ್ನ ಹೆಂಡ್ತೀನ ಕಳಿಸ್ತೀಯಾ? ಹಂದಿ ನೋಡಿದ್ರೆ ಮೊದಲು ಮರ ಹತ್ತೋಳು ಅವಳು."

ಕುಲಾಸ್ ನಗಲಿಲ್ಲ. ಕೂತು, ಬಿಲ್ಲನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕತ್ತಿ ಎಳೆದ. ಗಟ್ಟಿ ಕಪ್ಪು ಮರದಿಂದ ತೆಳ್ಳನೆಯ ಸಿವುರು ಸುರುಳಿ ಸುತ್ತಿ ಕೆಳಗೆ ಬಿತ್ತು. ಆಮೇಲೆ ಇನ್ನೊಂದು. ಬುಲಿಕ್ ಬಂದು ಮೂಸಿತು. ಪಿಲಿಂಗ್ ಹೊಳೆಯ ಕಡೆ ನೋಡುತ್ತ ನಿಂತಳು.

ದುಲ್ಸಿ ಹೊಸ ಬಿಲ್ಲನ್ನು ಎದೆಗೊತ್ತಿಕೊಂಡು ಆ ಸಿವುರುಗಳನ್ನೇ ನೋಡಿದಳು. ಬಾಯಿ ತೆರೆದಳು. ಬಿಗಿಯಲು ಈಗ ಕೈಯಲ್ಲಿ ಗಂಟಿರಲಿಲ್ಲ.

"ಅಮ್ಮಾ, ಭುಜ ಪೂರ್ತಿ ವಾಸಿಯಾದ್ಮೇಲೆ ಇದು ನಿಂಗೆ ತೀರಾ ಮೆತ್ತಗಾಗಲ್ವಾ?"