ಹೆಸರೆತ್ತಬಾರದವಳು

ಗಂಡ ಹಿಂತಿರುಗಿ ನೋಡಿದಾಗಲೆಲ್ಲ ಹೆಸ್ಟರ್ ಮುಳ್ಳುಪೊದೆಯ ಹಿಂದೆ ಬಗ್ಗಿದಳು. ಇಂದು ಆ ಹೆಂಗಸಿನ ಮುಖ ನೋಡದೆ ಮನೆಗೆ ಮರಳುವುದಿಲ್ಲವೆಂದು ಬೆಳಗಿನ ಪ್ರಾರ್ಥನೆಯಲ್ಲೇ ದೇವರಿಗೆ ಹೇಳಿ ಬಂದಿದ್ದಳು.

ಎಡ್ಮಂಡ್ ಥಾರ್ನ್ ಹೆಸರಾಂತ ಪ್ರವಾಸ ಲೇಖಕ. ಅನಾಥನೆನಿಸಿಕೊಂಡು ಪಾದ್ರಿಯೊಬ್ಬರ ಮನೆಯಲ್ಲಿ ಬೆಳೆದವನು. ಅಲೆಮಾರಿ ರೊಮಾನಿಗಳ ಭಾಷೆಯನ್ನು ಅವನಷ್ಟು ಬಲ್ಲ ವಿದ್ವಾಂಸ ಲಂಡನ್ನಿನಲ್ಲಿ ಇನ್ನೊಬ್ಬನಿರಲಿಲ್ಲ. ನಿದ್ದೆಯಲ್ಲಿ ಕನವರಿಸುವುದೂ ಅದೇ ಭಾಷೆಯಲ್ಲಿ. ಹೇಗೆ ಕಲಿತಿರೆಂದು ಸಭೆಗಳಲ್ಲಿ ಕೇಳಿದರೆ, "ಒಬ್ಬ ಹೆಂಗಸು ಕಲಿಸಿದಳು" ಎಂದು ನಗುತ್ತಿದ್ದ.

ಆ ನಗು ಹೆಸ್ಟರಳನ್ನು ಸುಡುತ್ತಿತ್ತು. ಚಳಿಗಾಲದಲ್ಲಿ ಅವನೊಂದು ಕೆಂಪು ಶಾಲು ಕೊಂಡ. ಅದು ಇವಳ ಹೆಗಲಿಗೆ ಬರಲಿಲ್ಲ. ಮೊನ್ನೆ ರೊಮಾನಿಗಳು ಬಿಡಾರ ಹೂಡಿದ್ದ ಬಯಲಿನಿಂದ ಬಂದವನು ಹುರಿದ ಹೊಳೆಮೀನಿನ ತಟ್ಟೆಯನ್ನು ದೂರ ಸರಿಸಿದ.

"ಇನ್ಮೇಲೆ ನನಗೆ ಮೀನು ಬೇಡ."

"ಯಾಕೆ, ಅವಳಿಗೆ ಹಿಡಿಸೋದಿಲ್ವೇನು?"

"ಅವಳಿಗೆ ಮೀನು ಅಂದ್ರೆ ಪ್ರಾಣ."

"ಅವಳ ಹೆಸರಾದ್ರೂ ಹೇಳಿ."

ಅವನು ಎದ್ದು ಹೋದ.

ಈಗ ಬಯಲಿನಲ್ಲಿ ರೊಮಾನಿಗಳ ಬಂಡಿಗಳು ಕಂಡವು. ಒಲೆ ಊದುತ್ತಿದ್ದ ಹೆಂಗಸೊಬ್ಬಳು ಹೆಸ್ಟರಳನ್ನು ನೋಡಿ, "ದೊರೆಸಾನಿ ದಾರಿ ತಪ್ಪಿದ್ರೋ, ಗಂಡ ದಾರಿ ತಪ್ಪಿದ್ನೋ?" ಎಂದಳು. ಯಾರೂ ನಗಲಿಲ್ಲ.

ದೂರದಲ್ಲಿ ಒಂಟಿಯಾಗಿ ನಿಂತಿದ್ದ ಬಂಡಿಯ ಬಾಗಿಲಲ್ಲಿ ಆ ಕೆಂಪು ಶಾಲು ತೂಗುತ್ತಿತ್ತು. ಹೆಸ್ಟರ್ ಅತ್ತ ನುಗ್ಗುವಷ್ಟರಲ್ಲಿ ಎಡ್ಮಂಡ್ ತನ್ನ ಕೈಯಾರೆ ಬಂಡಿಗೆ ಬೆಂಕಿ ಇಟ್ಟ. ರೊಮಾನಿಗಳ ಹಿರಿಯ ಸಿಲ್ವೆನಸ್ ಅವಳಿಗೆ ಅಡ್ಡ ನಿಂತ.

"ಯಾರ ಬಂಡಿ ಅದು?"

"ತೀರಿಕೊಂಡವಳದು. ಸತ್ತವರ ಸಾಮಾನು ನಾವು ಉಳಿಸೋದಿಲ್ಲ, ಹೆಸರೂ ಎತ್ತೋದಿಲ್ಲ. ಅವರು ಆಸೆಪಟ್ಟು ತಿಂತಿದ್ದದ್ದನ್ನ ಮನೆಯವರು ಮತ್ತೆ ಮುಟ್ಟೋದಿಲ್ಲ."

ಶಾಲು ಹೊತ್ತಿಕೊಂಡಿತು. ಎಡ್ಮಂಡ್ ಟೋಪಿಯನ್ನು ಎದೆಗವಚಿಕೊಂಡು ಅಳುತ್ತಿದ್ದ. ಹೆಸ್ಟರಳ ಮುಂದೆ ಅವನು ಒಮ್ಮೆಯೂ ಅತ್ತವನಲ್ಲ. ಬದುಕಿದ್ದವಳೊಡನೆ ಜಗಳವಾಡಬಹುದಿತ್ತು, ಸತ್ತವಳಿಂದ ಗಂಡನನ್ನು ಬಿಡಿಸಿಕೊಳ್ಳುವುದು ಹೇಗೆ?

"ಮನೆಯವರಂತೆ" ಎಂದಳು ಹೆಸ್ಟರ್. "ಹಾಗಾದ್ರೆ ನಾನು ಯಾರು?"

ಸಿಲ್ವೆನಸ್ ಅವಳನ್ನು ಕನಿಕರದಿಂದ ನೋಡಿದ.

"ನೀನೂ ಮನೆಯವಳೇ ಕಣಮ್ಮ. ಅವಳಿದ್ದಾಗಲೇ ಬಂದಿದ್ರೆ, ನಿಮ್ಮತ್ತೆ ಆ ಶಾಲನ್ನ ನಿನಗೇ ಹೊದಿಸ್ತಿದ್ದಳು."