ಹುರುಪೆಯ ಮೈ

ಟಿಲಾಪಿಯ ಮೀನಿನ ಚರ್ಮದ ಪಟ್ಟಿಯನ್ನು ಡಾಕ್ಟರ್ ಅಬೋಟ್ಸಿ ರೋಗಿಯ ಕಾಲಿನ ಹುಣ್ಣು ಮಾಯಿಸಲೆಂದು ಅದರ ಮೇಲೆ ಇಳಿಸುತ್ತಿದ್ದಂತೆ ಮಂಚದಲ್ಲಿದ್ದ ಅಬ್ಲಾ ಗಹಗಹಿಸಿ ನಕ್ಕಳು. "ತಿರುವುಮುರುವು ಹಾಕ್ತಿದೀರಲ್ಲ, ಡಾಕ್ಟ್ರೇ!"

ಈ ಹೊಸ ಚಿಕಿತ್ಸೆ ನೋಡಲು ರಾಜಧಾನಿ ಅಕ್ರಾದಿಂದ ಬಂದಿದ್ದ ದೊಡ್ಡ ಅಧಿಕಾರಿಗಳ ಮುಂದೆ ಡಾಕ್ಟರನ ಹುಬ್ಬು ಗಂಟಿಕ್ಕಿತು. "ಇದು ಲ್ಯಾಬಿನಲ್ಲಿ ಶುದ್ಧ ಮಾಡಿದ್ದಮ್ಮ, ನಿನ್ನ ಸಂತೆ ಮೀನಲ್ಲ. ಸುಮ್ನೆ ಮಲಕ್ಕೊ."

"ನಲವತ್ತು ವರ್ಷ ವೋಲ್ಟಾ ಹೊಳೆ ದಂಡೇಲಿ ಮೀನು ಸುಲಿದೋಳು ನಾನು. ಕೆಳಗಡೆ ಹುರುಪೆ ಕಿತ್ತ ಗುಳಿ ಕಾಣ್ತಿಲ್ವ? ಆ ಮೈ ಮೇಲಿರಬೇಕು, ಮಾಂಸದ ಮೈ ಗಾಯಕ್ಕೆ ಅಂತ ಆ ಗೋಡೆ ಹತ್ರ ನಿಂತಿರೋ ನರ್ಸಮ್ಮನೇ ಹೇಳಿದ್ಲು. ನೀವು ಮೀನು ತಿನ್ನೋದಷ್ಟೇನಾ, ಕಣ್ಣಿಂದ ನೋಡೋದಿಲ್ವ?"

ಮೂರು ವರ್ಷದಿಂದ ಮಾಯದ ಹುಣ್ಣು. ಈ ಪಟ್ಟಿಯೂ ಹಿಡಿಯದಿದ್ದರೆ ಕಾಲು ಕತ್ತರಿಸುವುದೆಂದು ಆಸ್ಪತ್ರೆ ಕಡತದಲ್ಲಿ ಬರೆದಿಟ್ಟಾಗಿತ್ತು. ಬರೆದವನೂ ಈ ಡಾಕ್ಟರ್ ಮಹಾಶಯನೇ. ಇದ್ದದ್ದು ಒಂದೇ ಪಟ್ಟಿ. ಅವನು ಅದನ್ನು ಹಾಗೆಯೇ ಒತ್ತಲು ಹೋದ. ಅಬ್ಲಾ ಕಾಲನ್ನು ಸರಕ್ಕನೆ ಎಳೆದುಕೊಂಡು, ಗೋಡೆಗಂಟಿ ನಿಂತಿದ್ದ ನರ್ಸ್ ಎಸಿನಾಮ್‌ಳನ್ನು ದಿಟ್ಟಿಸಿದಳು. "ನಿಂಗೆ ಗೊತ್ತು. ನಿನ್ನ ಬಾಯಿಗೆ ಬೀಗ ಹಾಕ್ದೋರು ಯಾರು ತಾಯಿ?"

ಎಸಿನಾಮ್ ಕೈಗವಸು ತೊಟ್ಟುಕೊಂಡಳು. ಡಾಕ್ಟರನ ಕೈಯಿಂದ ಚಿಮುಟ ಕಿತ್ತುಕೊಂಡು ಪಟ್ಟಿಯನ್ನು ಮಗುಚಿದಳು. ಅಬ್ಲಾ ಕಾಲು ಚಾಚಿದಳು.